ಕ್ರೂಸ್ ಹಡಗಿಗೆ ಕೋಲು, ರೋಲೇಟರ್, ಸ್ಕೂಟರ್: ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ

ಒಮ್ಮೆಗೆ 80 ಮೀಟರ್. ನಾನು ನಡೆಯಬಲ್ಲದ್ದು ಅಷ್ಟೇ. ಸೊಂಟದ ಹತ್ತಿರ ಬೆನ್ನುಮೂಳೆಯೊಳಗೆ ನರ ಹಾದುಹೋಗುವ ದಾರಿ ಕಿರಿದಾಗಿದೆ. ಡಾಕ್ಟರು ಅದನ್ನು ಲಂಬರ್ ಸ್ಟೆನೋಸಿಸ್ ಅನ್ನುತ್ತಾರೆ. 80 ಮೀಟರ್ ಆಗುವಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿಯುತ್ತವೆ, ತೊಡೆಗಳು ಕಲ್ಲಿನ ಹಾಗೆ ಭಾರವಾಗುತ್ತವೆ. ಕೂತು ಸ್ವಲ್ಪ ಮುಂದಕ್ಕೆ ಬಾಗಿದರೆ ಎರಡು ಮೂರು ನಿಮಿಷದಲ್ಲಿ ಮತ್ತೆ ಸರಿಹೋಗುತ್ತದೆ. ಸುಮ್ನೆ ನಿಂತುಕೊಂಡರೆ ಮಾತ್ರ ಇಳಿಯುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ. ಅಂದರೆ ನನಗೆ ಬೇಕಾದ್ದು ಎರಡೇ. ಮುಂದಕ್ಕೆ ಬಾಗಿ ನಡೆಯಲು ಒಂದು ಹಿಡಿ, ಬೇಕೆಂದಾಗ ಕೂರಲು ಒಂದು ಸೀಟು. ಇಷ್ಟು ಅರ್ಥವಾಗಲು ಒಂದು ಇಡೀ ಪ್ರವಾಸ ಹಾಳಾಗಬೇಕಾಯಿತು.

ಹಡಗು ಎಷ್ಟು ಉದ್ದ ಅನ್ನುವುದು ಹತ್ತಿದ ಮೇಲೆಯೇ ಗೊತ್ತಾಗುವುದು. 2024ರ ಜನವರಿಯಲ್ಲಿ ಮೊದಲ ಪ್ರಯಾಣ ಹೊರಟ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದ ಇದೆ. ನಾವು ಹೋದದ್ದು ಅದಕ್ಕಿಂತ ಚಿಕ್ಕದು, ಆದರೂ 300 ಮೀಟರ್‌ಗೆ ಹತ್ತಿರ. ಕಾರ್ಯಕ್ರಮ ನಡೆಯುವ ಹಾಲ್ ಮುಂದಿನ ತುದಿಯಲ್ಲಿ, ಊಟದ ಹಾಲ್ ಹಿಂದಿನ ತುದಿಯಲ್ಲಿ. ಕ್ಯಾಬಿನ್ ಮಧ್ಯದಲ್ಲೇ ಇದ್ದರೂ ಒಂದು ಊಟಕ್ಕೆ ಹೋಗಿ ಬರಲು 250 ಮೀಟರ್ ಮೇಲಾಗುತ್ತದೆ. ದಿನಕ್ಕೆ ಮೂರು ಸಲ. "ಹಡಗಿನಲ್ಲಿ ಏನು ನಡೆಯೋದಿರುತ್ತೆ, ಕೂತೇ ಇರ್ತೀವಲ್ಲ" ಅಂದುಕೊಂಡೇ ನಾವು ಮೊದಲ ಸಲ ಹೊರಟಿದ್ದೆವು.

ಆಗ ತೆಗೆದುಕೊಂಡು ಹೋಗಿದ್ದು ಮಾಮೂಲಿ ವೀಲ್‌ಚೇರ್. ಹಿಂದೆ ಎರಡು ದೊಡ್ಡ ಚಕ್ರ, 17 ಕೆಜಿ ತೂಕ, ಚಕ್ರದ ಹೊರ ಅಂಚಿನಿಂದ ಅಂಚಿಗೆ 66 ಸೆಂ.ಮೀ. ಅಗಲ. ಕ್ಯಾಬಿನ್ ಬಾಗಿಲು 57 ಸೆಂ.ಮೀ. ಬಾಗಿಲ ಮುಂದೆ ಕುರ್ಚಿ ನಿಲ್ಲಿಸಿ ನಮ್ಮವರು ಒಮ್ಮೆ ಚಕ್ರ ನೋಡಿದರು, ಒಮ್ಮೆ ಚೌಕಟ್ಟು ನೋಡಿದರು. ಹೊರಗೇ ಬಿಡೋಣ ಅಂದರೆ ಅದಕ್ಕೂ ಬಿಡುವುದಿಲ್ಲ. ಬೆಂಕಿ ಹೊತ್ತಿಕೊಂಡರೆ ಜನ ಓಡಬೇಕಾದ ದಾರಿ ಆ ಕಾರಿಡಾರ್, ಅಲ್ಲಿ ಏನೂ ನಿಲ್ಲಿಸಬಾರದು. ನಿಯಮ ಸರಿಯಾಗಿಯೇ ಇದೆ. ಆದರೆ ನಮ್ಮ ಪಾಡು ನೋಡಿ. ಪ್ರತಿ ಸಲ ನಾನು ಕಾರಿಡಾರ್‌ನಲ್ಲಿ ಎದ್ದು ಗೋಡೆ ಹಿಡಿದು ನಿಲ್ಲಬೇಕು, ಅವರು ಕುರ್ಚಿ ಮಡಚಿ ಅಡ್ಡಡ್ಡವಾಗಿ ಒಳಗೆ ಎಳೆಯಬೇಕು. ಅವರಿಗೆ 70 ವರ್ಷ, ಬಲ ಭುಜಕ್ಕೆ ಆಪರೇಷನ್ ಆಗಿದೆ. ಮೂರನೇ ದಿನ ರಾತ್ರಿ ಅವರು ಆ ಕೈ ಎತ್ತಿ ಅಂಗಿ ತೆಗೆಯಲಾರದೆ ಒದ್ದಾಡುವುದನ್ನು ನೋಡಿದೆ. ನಾಲ್ಕನೇ ದಿನದಿಂದ "ನನಗೆ ಹೊರಗೆ ಬರೋ ಮನಸ್ಸಿಲ್ಲ ರೀ" ಅಂದುಬಿಟ್ಟೆ. ಮನಸ್ಸಿತ್ತು.

ಅದಕ್ಕೇ ಈ ಸಲ ಟೇಪು ಹಿಡಿದೇ ಶುರು ಮಾಡಿದೆ. ಟಿಕೆಟ್ ಮಾಡಿಸುವ ಮೊದಲೇ ಹಡಗಿನ ಕಂಪನಿಗೆ ಇಮೇಲ್ ಹಾಕಿದೆ. ಕ್ಯಾಬಿನ್ ಬಾಗಿಲು ಎಷ್ಟು ಅಗಲ, ಬಚ್ಚಲ ಬಾಗಿಲು ಎಷ್ಟು, ಬಚ್ಚಲ ಹೊಸ್ತಿಲು ಎಷ್ಟು ಎತ್ತರ ಎಂದು ಕೇಳಿದೆ. ಯಾವ ಊರಿನಲ್ಲಿ ಹಡಗು ಧಕ್ಕೆಗೆ ತಾಗಿ ನಿಲ್ಲುತ್ತದೆ, ಯಾವ ಊರಿನಲ್ಲಿ ದೂರ ಲಂಗರು ಹಾಕಿ ದೋಣಿಯಲ್ಲಿ ಕರೆದೊಯ್ಯುತ್ತಾರೆ ಎಂದೂ ಕೇಳಿದೆ. ಇಂಥ ಪ್ರಶ್ನೆಗೆಂದೇ ಅವರಲ್ಲಿ ಒಂದು ವಿಭಾಗ ಇರುತ್ತದೆ. ಎರಡು ದಿನದಲ್ಲಿ ಎಲ್ಲಕ್ಕೂ ಉತ್ತರ ಬಂತು. ವೀಲ್‌ಚೇರ್‌ನವರಿಗಾಗಿಯೇ ಮಾಡಿದ ಕ್ಯಾಬಿನ್‌ಗಳಲ್ಲಿ ಬಾಗಿಲು ಸಾಮಾನ್ಯವಾಗಿ 81 ಸೆಂ.ಮೀ. ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಒಳಗೆ ಕುರ್ಚಿ ತಿರುಗಿಸಲು ಜಾಗ ಇರುತ್ತದೆ, ಬಚ್ಚಲಿಗೆ ಹೊಸ್ತಿಲಿಲ್ಲದೆ ಸೀದಾ ಹೋಗಬಹುದು. ಆದರೆ ಅಂಥವು ಕೆಲವೇ ಇರುವುದರಿಂದ ಬೇಗ ಮುಗಿದುಹೋಗುತ್ತವೆ. ನಾವು ಕೇಳುವ ಹೊತ್ತಿಗೆ ಮುಗಿದಿದ್ದವು. ಕುರ್ಚಿಯಿಂದ ಏಳಲಾಗದವರು ಪ್ರವಾಸದ ಬೇರೆ ಯಾವ ಯೋಚನೆಗೂ ಮೊದಲು ಇದನ್ನೇ ಕೇಳಿ. ನಾನು ನಾಲ್ಕು ಹೆಜ್ಜೆ ಇಡಬಲ್ಲೆ, ಹಾಗಾಗಿ ಮಾಮೂಲಿ ಕ್ಯಾಬಿನ್ ಸಾಕು ಅಂದುಕೊಂಡೆ. ಆದರೆ ಒಂದು ತೀರ್ಮಾನ ಮಾಡಿದೆ. 57 ಸೆಂ.ಮೀ. ಬಾಗಿಲಲ್ಲಿ ತೂರದ ಯಾವ ವಸ್ತುವನ್ನೂ ಕೊಳ್ಳುವುದಿಲ್ಲ. ನಮ್ಮವರು ಎತ್ತಬೇಕಾಗುವ ಯಾವುದನ್ನೂ ಕೊಳ್ಳುವುದಿಲ್ಲ.

ಮೊದಲು ಕೋಲಿನ ವಿಷಯ, ಯಾಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ನನ್ನ ಹತ್ತಿರ ಎರಡಿದ್ದವು. ಒಂದು ಸಾದಾ ಕೋಲು, ಇನ್ನೊಂದು ಕೆಳಗೆ ನಾಲ್ಕು ಕಾಲಿರುವುದು. ನಾಲ್ಕು ಕಾಲಿನದ್ದು ಮನೆಯ ಸಮ ನೆಲದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹಡಗಿಗೆ ಹತ್ತುವ ಇಳಿಜಾರಿನ ಸೇತುವೆಯಲ್ಲಿ, ಅದೇ ಗ್ಯಾಂಗ್‌ವೇಯಲ್ಲಿ, ನಾಲ್ಕೂ ಕಾಲು ಒಟ್ಟಿಗೆ ಊರುವುದಿಲ್ಲ. ಎರಡು ಊರಿದರೆ ಎರಡು ಗಾಳಿಯಲ್ಲಿ, ಕೈಯಲ್ಲಿ ಕಟಕಟ ಅಲ್ಲಾಡುತ್ತದೆ. ನಾನಂತೂ ಅದನ್ನು ಮತ್ತೆ ಹಡಗಿಗೆ ಒಯ್ಯುವುದಿಲ್ಲ. ಸಾದಾ ಕೋಲೇ ವಾಸಿ. ಅದಕ್ಕೂ ಅಳತೆ ಇದೆ. ಚಪ್ಪಲಿ ಅಲ್ಲ, ನೀವು ಹಾಕುವ ಶೂ ಹಾಕಿಕೊಂಡು ಕೈ ಇಳಿಬಿಟ್ಟು ನಿಲ್ಲಿ. ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಹಿಡಿ ಅಲ್ಲಿಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಒಂದೇ ಕಾಲು ನೋವಿದ್ದರೆ ಕೋಲು ಆ ಕಡೆಯ ಕೈಯಲ್ಲಲ್ಲ, ಎದುರು ಕೈಯಲ್ಲಿರಬೇಕು. ತುಂಬಾ ಜನ ಇದನ್ನೇ ತಪ್ಪು ಮಾಡುತ್ತಾರೆ. ಇನ್ನು ಕೋಲಿನ ತುದಿಯ ರಬ್ಬರ್. ಹೊರಡುವ ಮೊದಲು ತಲೆಕೆಳಗು ಮಾಡಿ ನೋಡಿ. ಉಂಗುರದ ಹಾಗಿರುವ ಗೆರೆಗಳು ಸವೆದು ನುಣ್ಣಗಾಗಿದ್ದರೆ ಹೊಸದು ಹಾಕಿಸಿ. ಈಜುಕೊಳದ ಪಕ್ಕದ ಒದ್ದೆ ಡೆಕ್ಕಿನಲ್ಲಿ ಸವೆದ ರಬ್ಬರ್ ಸೋಪಿನ ಹಾಗೆ ಜಾರುತ್ತದೆ.

ಆದರೆ ಕೋಲಿನಲ್ಲಿ ಸೀಟಿಲ್ಲ, ಅಲ್ವಾ? ಹಾಗಾಗಿ ಕ್ಯಾಬಿನ್ ಒಳಗೆ, ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಮಾತ್ರ ನನಗೆ ಕೋಲು. ನಮ್ಮ ಕ್ಯಾಬಿನ್ನಿನ ಬಚ್ಚಲ ಹೊಸ್ತಿಲು ಒಂದು ಗೇಣಿಗೆ ಸ್ವಲ್ಪ ಕಡಿಮೆ ಎತ್ತರ. ರಾತ್ರಿ ನಿದ್ದೆಗಣ್ಣಿನಲ್ಲಿ ದಾಟುವಾಗ ಕೋಲು ಇರಲೇಬೇಕು. ಸ್ನಾನಕ್ಕೆ ಕೂರುವ ಸ್ಟೂಲನ್ನು ಮೊದಲೇ ಕೇಳಿದ್ದೆವು, ತಂದಿಟ್ಟಿದ್ದರು.

ಈಗ ರೋಲೇಟರ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾಲ್ಕು ಚಕ್ರ, ಸೈಕಲ್ಲಿನ ಹಾಗೆ ಎರಡು ಕೈಬ್ರೇಕ್, ನಡುವೆ ಒಂದು ಸೀಟು ಇರುವ ವಾಕರ್. ಇದರಲ್ಲಿ ಎರಡು ಜಾತಿ. ಒಂದು ಹಿಂದೆ ಮುಂದೆ ಮಡಚುವುದು. ಅದನ್ನು ಮಡಚಿದರೂ ಅಗಲ ಅಷ್ಟೇ ಇರುತ್ತದೆ. ಇನ್ನೊಂದು ಎಡ ಬಲ ಒಳಕ್ಕೆ ಸೇರಿಕೊಳ್ಳುವುದು. ನಾನು ಕೊಂಡಿದ್ದು ಎರಡನೆಯದು. 7 ಕೆಜಿ, ಬಿಚ್ಚಿದಾಗ 61 ಸೆಂ.ಮೀ. ಅಗಲ. ಬಾಗಿಲಿಗಿಂತ 4 ಸೆಂ.ಮೀ. ಜಾಸ್ತಿ, ನಿಜ. ಆದರೆ ಸೀಟಿನ ನಡುವೆ ಒಂದು ಬಟ್ಟೆಯ ಪಟ್ಟಿ ಇದೆ. ಅದನ್ನು ಒಂದು ಬೆರಳಿನಿಂದ ಮೇಲಕ್ಕೆ ಎಳೆದರೆ ಎರಡೂ ಬದಿ ಅರ್ಧ ಒಳಗೆ ಬರುತ್ತವೆ, ನಾಲ್ಕೂ ಚಕ್ರ ನೆಲದಲ್ಲೇ ಇರುತ್ತವೆ, ಹಿಡಿ ಕೈಯಲ್ಲೇ ಇರುತ್ತದೆ. ಹಾಗೇ ನಡೆದುಕೊಂಡು ಒಳಗೆ ಹೋಗಬಹುದು. ಒಳಗೆ ಹೋದ ಮೇಲೆ ಸೀಟನ್ನು ಅಂಗೈಯಿಂದ ಕೆಳಕ್ಕೆ ಒತ್ತಿದರೆ ಟಕ್ ಅಂತ ಮತ್ತೆ ಬಿಚ್ಚಿಕೊಳ್ಳುತ್ತದೆ. ಆ ಟಕ್ ಕೇಳುವವರೆಗೆ ಭಾರ ಹಾಕಬಾರದು. ಮೊದಲ ದಿನ ಯಾರ ಕೈಯೂ ಹಿಡಿಯದೆ ಬಾಗಿಲು ದಾಟಿ ಒಳಗೆ ಹೋಗಿ ಕೂತೆ. ನಮ್ಮವರು ಹಿಂದೆ ಬರೀ ಕೀ ಕಾರ್ಡ್ ಹಿಡಿದು ನಿಂತಿದ್ದರು. ನನಗೆ ಅಳು ಬಂತು.

ಚಕ್ರದ ಗಾತ್ರ ನೋಡದೆ ಕೊಳ್ಳಬೇಡಿ. ನಂದು 20 ಸೆಂ.ಮೀ. ಚಕ್ರ. ಅಂಗಡಿಯಲ್ಲಿ 15 ಸೆಂ.ಮೀ. ಚಕ್ರದ ಇನ್ನೊಂದು ತೋರಿಸಿದ್ದರು, ಹಗುರ, ನೋಡಲು ಚೆಂದ. ಹಡಗಿನಲ್ಲಿ ಲಿಫ್ಟಿನ ಸಂದಿ ಇದೆ, ಹೊರ ಡೆಕ್ಕಿಗೆ ಹೋಗುವ ಬಾಗಿಲಿನ ಲೋಹದ ಪಟ್ಟಿ ಇದೆ, ನೀರು ಹರಿಯುವ ಕಾಲುವೆ ಇದೆ. ಚಿಕ್ಕ ಚಕ್ರ ಅಲ್ಲೆಲ್ಲ ತಡೆದು ನಿಲ್ಲುತ್ತದೆ, ಹಿಂದಿರುವ ನಾವು ಮುಂದಕ್ಕೆ ವಾಲುತ್ತೇವೆ. ಕಾರಿಡಾರ್‌ನ ದಪ್ಪ ಕಾರ್ಪೆಟ್ಟಿನಲ್ಲೂ ದೊಡ್ಡ ಚಕ್ರವೇ ಹಗುರ. ಕೂರುವ ಮೊದಲು ಎರಡೂ ಬ್ರೇಕನ್ನು ಕೆಳಕ್ಕೆ ಒತ್ತಿ ಲಾಕ್ ಮಾಡುವುದು ಅಭ್ಯಾಸವಾಗಬೇಕು. ಮನೆಯಲ್ಲಿ ಮರೆತರೆ ಏನೂ ಆಗದೇ ಇರಬಹುದು. ಹಡಗು ಸ್ವಲ್ಪ ವಾಲಿದರೂ ಸಾಕು, ಲಾಕ್ ಮಾಡದ ರೋಲೇಟರ್ ತಾನೇ ಹೊರಟುಬಿಡುತ್ತದೆ.

ಒಂದು ತಪ್ಪು ನಾವು ಮಾಡಿದೆವು, ನೀವು ಮಾಡಬೇಡಿ. ಎರಡನೇ ದಿನ ತುಂಬಾ ಸುಸ್ತಾಗಿತ್ತು. "ಕೂತುಕೋ, ನಾನೇ ತಳ್ತೀನಿ" ಅಂದರು ನಮ್ಮವರು. ಸೀಟಿನಲ್ಲಿ ಕೂತೆ, ತಳ್ಳಿದರು. ಹತ್ತು ಮಾರು ಹೋಗಿರಬೇಕು, ಬಾಗಿಲ ಪಟ್ಟಿಗೆ ಚಕ್ರ ತಾಗಿ ಇಡೀ ರೋಲೇಟರ್ ವಾಲಿತು. ಪಕ್ಕದಲ್ಲಿದ್ದ ಸಿಬ್ಬಂದಿ ಹುಡುಗಿ ತೋಳು ಹಿಡಿಯದಿದ್ದರೆ ಬೀಳುತ್ತಿದ್ದೆ. ರೋಲೇಟರ್ ಸೀಟು ನಿಂತಲ್ಲೇ ಕೂರುವುದಕ್ಕೆ ಮಾತ್ರ. ಕೂರಿಸಿ ತಳ್ಳಲೂ ಆಗಬೇಕು ಅಂದರೆ ಕಾಲಿಡುವ ಪಟ್ಟಿ ಇರುವ, ಎರಡೂ ಕೆಲಸಕ್ಕೆಂದೇ ಮಾಡಿದ ಮಾದರಿ ಬೇರೆ ಇದೆ. ಇನ್ನೊಂದು ಮಾತು. ನಡೆಯುವಾಗ ಪೂರ್ತಿ ದೇಹದ ಭಾರ ಕೈಗೆ ಹಾಕಬೇಕಾದವರಿಗೆ ರೋಲೇಟರ್ ಸರಿಯಲ್ಲ. ಚಕ್ರ ಮುಂದಕ್ಕೆ ಓಡುತ್ತದೆ. ಅಂಥವರು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿಕೊಂಡೇ ಆರಿಸಿ.

ಟ್ರಾನ್ಸ್‌ಪೋರ್ಟ್ ಚೇರ್ ಬಗ್ಗೆ ಜಾಸ್ತಿ ಹೇಳಲು ನನ್ನ ಹತ್ತಿರ ಇಲ್ಲ. ನಾಲ್ಕೂ ಚಿಕ್ಕ ಚಕ್ರ, ಹಗುರ, ಮಡಚುವುದು ಸುಲಭ. ಆದರೆ ಕೂತವರು ತಾವೇ ಉರುಳಿಸಿಕೊಂಡು ಹೋಗಲಾಗದು, ತಳ್ಳುವವರು ಬೇಕೇ ಬೇಕು. ಜೊತೆಗೆ ಗಟ್ಟಿಮುಟ್ಟಾದ ಮಗನೋ ಮಗಳೋ ಇದ್ದರೆ ಒಳ್ಳೆಯದೇ. ನಮ್ಮಂಥ ಇಬ್ಬರು ವಯಸ್ಸಾದವರಿಗೆ ಅಲ್ಲ. ಹಡಗಿನವರು ಕುರ್ಚಿ ಕೊಡುತ್ತಾರೆ ಅಂತ ಧೈರ್ಯ ಮಾಡಿ ಬರಿಗೈಯಲ್ಲಿ ಹೋಗಬೇಡಿ. ಸಾಮಾನ್ಯವಾಗಿ ಅವರ ಕುರ್ಚಿಗಳು ಹತ್ತುವಾಗ, ಇಳಿಯುವಾಗ ಮಾತ್ರ. ಪ್ರವಾಸ ಪೂರ್ತಿ ಇಟ್ಟುಕೊಳ್ಳಲು ಕೊಡುವುದಿಲ್ಲ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡೆವು. ರಸ್ತೆಯ ಸ್ಕೂಟರ್ ಅಲ್ಲ, ಹೆಚ್ಚು ನಡೆಯಲಾಗದವರು ಕೂತು ಓಡಿಸುವ ಬ್ಯಾಟರಿ ಗಾಡಿ. ಬಂದರುಗಳಲ್ಲಿ ಊರು ನೋಡುವ ಆಸೆ, ರೋಲೇಟರ್‌ನಲ್ಲಿ ಅಷ್ಟು ದೂರ ಆಗುವುದಿಲ್ಲ. ಮಡಚುವ, ಮೂರು ಚಕ್ರದ, 52 ಸೆಂ.ಮೀ. ಅಗಲದ್ದು ಬೇಕು ಎಂದು ಹೇಳಿದ್ದೆವು. ಹೊರಡುವ ದಿನ ಟರ್ಮಿನಲ್‌ನಲ್ಲಿ ನಮಗಾಗಿ ಕಾದಿದ್ದು ನಾಲ್ಕು ಚಕ್ರದ ದೊಡ್ಡದು, ಮಡಚಲು ಬರುವುದೇ ಇಲ್ಲ. "ಇದೇ ಸ್ವಲ್ಪ ಒಳ್ಳೆಯ ಮಾದರಿ ಮೇಡಂ" ಅಂದರು ತಂದವರು. ಒಳ್ಳೆಯದೇ ಇರಬಹುದು, ಕ್ಯಾಬಿನ್ ಒಳಗೆ ಹೋಗುವುದಿಲ್ಲ. ಅಳತೆ ಬರೆದು ಕಳಿಸಿದ್ದ ಇಮೇಲ್ ಫೋನಿನಲ್ಲಿತ್ತು, ಅದನ್ನು ತೋರಿಸಿದ್ದಕ್ಕೆ ಒಂದೂವರೆ ಗಂಟೆಯಲ್ಲಿ ಬದಲಾಯಿಸಿ ಕೊಟ್ಟರು. ನಾವು ಬೇಗ ಹೋಗಿದ್ದೆವು, ಅದಕ್ಕೇ ಆಯಿತು. ಮಾದರಿ, ಅಗಲ, ತೂಕ, ಮೂರನ್ನೂ ಬರವಣಿಗೆಯಲ್ಲಿ ಪಡೆಯದೆ ಮುಂಗಡ ಕೊಡಬೇಡಿ.

ಬಾಗಿಲ ಅಗಲ ಒಂದೇ ನೋಡಿದರೂ ಸಾಲದು, ಇದು ನನಗೆ ಅಲ್ಲಿ ಹೋಗಿ ಗೊತ್ತಾದದ್ದು. 52 ಸೆಂ.ಮೀ. ಸ್ಕೂಟರ್ 57 ಸೆಂ.ಮೀ. ಬಾಗಿಲಲ್ಲಿ ನೇರವಾಗಿ ಹೋಗುತ್ತದೆ. ಆದರೆ ಬಾಗಿಲು ಕಾರಿಡಾರ್‌ಗೆ ಅಡ್ಡಲಾಗಿ ಇದೆ, ಕಾರಿಡಾರ್ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಕಿರಿದು. ಸುಮಾರು ಒಂದು ಮೀಟರ್ ಉದ್ದದ ಸ್ಕೂಟರನ್ನು ಅಲ್ಲಿ ತಿರುಗಿಸುವುದು ಹೇಗೆ? ಆಗಲಿಲ್ಲ. ಹೊರಗೇ ಮಡಚಿ, ಸೂಟ್‌ಕೇಸಿನ ಹಾಗೆ ಎಳೆದು ಒಳಗೆ ತಂದು, ಬೀರುವಿನ ಪಕ್ಕ ನಿಲ್ಲಿಸುತ್ತಿದ್ದೆವು. 23 ಕೆಜಿ ಇದ್ದರೂ ಎತ್ತಬೇಕಾಗಲಿಲ್ಲ, ಚಕ್ರದ ಮೇಲೇ ಬರುತ್ತಿತ್ತು. ಮಡಚಲು ಬಾರದ ಸ್ಕೂಟರ್ ಇರುವವರು ವೀಲ್‌ಚೇರ್ ಕ್ಯಾಬಿನ್ ಸಿಗದಿದ್ದರೆ ಆ ಪ್ರವಾಸವನ್ನೇ ಮುಂದಕ್ಕೆ ಹಾಕುವುದು ಒಳ್ಳೆಯದು.

ಚಾರ್ಜ್ ಮಾಡುವುದೂ ಕ್ಯಾಬಿನ್ ಒಳಗೇ. ಹೆಚ್ಚಿನ ಹಡಗುಗಳಲ್ಲಿ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಭಾಗ) ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಲು ಬಿಡುವುದಿಲ್ಲ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಚಾರ್ಜರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಸ್ವಂತ ಸ್ಕೂಟರ್ ಜೊತೆ ವಿಮಾನದಲ್ಲಿ ಬಂದರಿನ ಊರಿಗೆ ಹೋಗುವವರು ಇನ್ನೂ ಒಂದು ಲೆಕ್ಕ ಹಾಕಬೇಕು. ಬಿಚ್ಚಿ ತೆಗೆಯಬಹುದಾದ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300 ವಾಟ್-ಅವರ್ ಒಳಗಿರಬೇಕು, ಅದನ್ನು ಕೈಚೀಲದಲ್ಲಿ ಜೊತೆಗೇ ಒಯ್ಯಬೇಕು. ಬ್ಯಾಟರಿ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವಾಟ್-ಅವರ್ ಸಿಗುತ್ತದೆ. 24 ವೋಲ್ಟ್, 10 ಆಂಪಿಯರ್-ಅವರ್ ಆದರೆ 240. ಎರಡು ಬ್ಯಾಟರಿ ಹಾಕುವ ಸ್ಕೂಟರ್ ಆದರೆ ತಲಾ 160 ಮೀರಬಾರದು. ಅಷ್ಟಾದರೂ ವಿಮಾನದವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಸವಾರಿ ಹೇಗಿತ್ತು? ಮೂರು ಚಕ್ರದ್ದು ಲಿಫ್ಟಿನಲ್ಲಿ, ಮೇಜುಗಳ ನಡುವೆ ಚೆನ್ನಾಗಿ ತಿರುಗುತ್ತದೆ. ಅಡ್ಡ ಇಳಿಜಾರಿನಲ್ಲಿ ಮಾತ್ರ ನಾಲ್ಕು ಚಕ್ರದಷ್ಟು ಗಟ್ಟಿಯಲ್ಲ. ಗುಂಡುಕಲ್ಲು ಹಾಸಿದ ಬೀದಿಯಲ್ಲಿ ಬೆನ್ನಿಗೆ ಒಂದೊಂದು ಕಲ್ಲೂ ಲೆಕ್ಕ ಕೊಟ್ಟಿತು. ಮರಳಿನ ಕಡೆ ಹೋಗಲೇ ಇಲ್ಲ, ಚಿಕ್ಕ ಚಕ್ರ ಹೂತುಹೋಗುತ್ತದೆ. ಆದರೂ ಒಂದು ಊರಿನಲ್ಲಿ ಸಮುದ್ರದ ಪಕ್ಕದ ದಾರಿಯಲ್ಲಿ ನಾವಿಬ್ಬರೂ ಎರಡು ಕಿಲೋಮೀಟರ್ ಹೋದೆವು. ಅವರು ನಡೆಯುತ್ತಾ, ನಾನು ಅವರ ಪಕ್ಕದಲ್ಲೇ. ಹಿಂದಲ್ಲ, ಪಕ್ಕದಲ್ಲಿ. ವೀಲ್‌ಚೇರ್‌ನಲ್ಲಿ ತಳ್ಳುವವರ ಮುಖವೇ ಕಾಣುವುದಿಲ್ಲ. ಎಷ್ಟೋ ವರ್ಷದ ಮೇಲೆ ಮಾತಾಡುತ್ತಾ ಅಷ್ಟು ದೂರ ಜೊತೆಯಾಗಿ ಹೋದದ್ದು.

ದೋಣಿಯಲ್ಲಿ ಇಳಿಯಬೇಕಾದ ಊರಿಗೆ ಸ್ಕೂಟರ್ ಬರಲಿಲ್ಲ. ಈ ದೋಣಿಗೆ ಟೆಂಡರ್ ಅನ್ನುತ್ತಾರೆ. ನಮ್ಮ ಹಡಗಿನಲ್ಲಿ ಭಾರದ ಸ್ಕೂಟರನ್ನು ಅದಕ್ಕೆ ಹತ್ತಿಸುತ್ತಿರಲಿಲ್ಲ, ಮೊದಲೇ ಹೇಳಿದ್ದರು. "ಎರಡು ಮೆಟ್ಟಿಲು ನೀವೇ ಇಳಿಯಬಲ್ಲಿರಾ?" ಎಂದು ಸಿಬ್ಬಂದಿ ಕೇಳಿದರು. ಹೂಂ ಅಂದೆ. ದೋಣಿ ನಿಂತಲ್ಲೇ ಒಮ್ಮೆ ಮೊಣಕಾಲೆತ್ತರ ಮೇಲೆ ಬರುತ್ತಿತ್ತು, ಒಮ್ಮೆ ಅಷ್ಟೇ ಕೆಳಗೆ ಇಳಿಯುತ್ತಿತ್ತು. ಇಬ್ಬರು ಎರಡೂ ಕಡೆಯಿಂದ ನನ್ನ ಮುಂಗೈ ಹಿಡಿದರು. ಅಂಗೈಯಲ್ಲ, ಮುಂಗೈ. ಒಬ್ಬ ದೋಣಿಯನ್ನೇ ನೋಡುತ್ತಿದ್ದ. ಒಂದು ಅಲೆ ಬಿಟ್ಟ, ಎರಡನೆಯದನ್ನೂ ಬಿಟ್ಟ, ಮೂರನೆಯದು ಮೇಲೆ ಬಂದಾಗ "ಈಗ" ಅಂದ. ಕಾಲಿಟ್ಟೆ. ಮಡಚಿದ ರೋಲೇಟರ್ ಹಿಂದಿನಿಂದ ಕೈಯಿಂದ ಕೈಗೆ ಬಂತು. 7 ಕೆಜಿ ಆದ್ದರಿಂದ ಬಂತು. ಸಮುದ್ರ ಇನ್ನಷ್ಟು ಜೋರಾಗಿದ್ದರೆ ನನ್ನನ್ನೂ ಬೇಡ ಅನ್ನುತ್ತಿದ್ದರು. ಆ ಮಾತನ್ನು ಅವರು ಹೇಳಿದರೆ ವಾದ ಮಾಡಬೇಡಿ.

ಗ್ಯಾಂಗ್‌ವೇ ಕೂಡ ದಿನವಿಡೀ ಒಂದೇ ಥರ ಇರುವುದಿಲ್ಲ. ಉಬ್ಬರ ಇಳಿತಕ್ಕೆ ತಕ್ಕಂತೆ ಹಡಗು ಏರುತ್ತದೆ, ಇಳಿಯುತ್ತದೆ. ಬೆಳಿಗ್ಗೆ ಸುಲಭವಾಗಿದ್ದ ಸೇತುವೆ ಸಂಜೆ ಕಡಿದಾಗಿತ್ತು. ಸಿಬ್ಬಂದಿ ನನ್ನ ರೋಲೇಟರ್ ತೆಗೆದುಕೊಂಡರು, ನಾನು ಕಂಬಿ ಹಿಡಿದು ಬಂದೆ.

ಹತ್ತಿದ ಮೊದಲ ಗಂಟೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಅವಘಡವಾದರೆ ಏನು ಮಾಡಬೇಕೆಂದು ತೋರಿಸುವ ಸುರಕ್ಷತಾ ಡ್ರಿಲ್ ಹೊತ್ತಿಗೆ "ನಾನು ಮೆಟ್ಟಿಲು ಇಳಿಯಲಾರೆ" ಎಂದು ಹೇಳಿ ಹೆಸರು, ಕ್ಯಾಬಿನ್ ನಂಬರ್ ಬರೆಸಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಮುಳುಗಿದಾಗ ಆ ದಿನ ಹತ್ತಿದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು ಎಂಬ ನಿಯಮ ಬಂದಿದೆ. ಅವಘಡವಾದರೆ ಲಿಫ್ಟ್ ಬಳಸುವಂತಿಲ್ಲ. ಆಗ ಸ್ಕೂಟರೂ ಇಲ್ಲ, ರೋಲೇಟರೂ ಇಲ್ಲ, ನಮ್ಮನ್ನು ಮೆಟ್ಟಿಲಿನಲ್ಲಿ ಇಳಿಸುವವರು ಯಾರು ಎಂಬುದಷ್ಟೇ ಮುಖ್ಯ. ನಮ್ಮಲ್ಲಿಗೆ ಯಾರು ಬರುತ್ತಾರೆ ಎಂದು ಆ ಹುಡುಗನನ್ನೇ ಕರೆತಂದು ತೋರಿಸಿದರು.

ಯುರೋಪ್ ಒಕ್ಕೂಟದ ಬಂದರಿನಲ್ಲಿ ಹಡಗು ಹತ್ತುವವರಿಗೆ 1177/2010 ಎಂಬ ನಿಯಮ ಇದೆ. ಕನಿಷ್ಠ ಎರಡು ಕೆಲಸದ ದಿನ ಮೊದಲು ತಿಳಿಸಿದರೆ ಬಂದರಿನಲ್ಲಿ, ಹಡಗಿನಲ್ಲಿ ಸಹಾಯ ಉಚಿತ. ಅವರ ತಪ್ಪಿನಿಂದ ವೀಲ್‌ಚೇರ್‌ನಂಥ ಸಾಧನ ಕಳೆದರೆ, ಮುರಿದರೆ ಪರಿಹಾರವೂ ಉಂಟು. ಹೋಗುವ ಮೊದಲು ನಿಮ್ಮ ಸಾಧನದ ನಾಲ್ಕು ಕಡೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದೇ ಕೊಳ್ಳುವುದಾದರೆ ಯಾವುದು ಎಂದು ಮಗಳು ಕೇಳಿದಳು. ಎಡ ಬಲ ಮಡಚುವ ರೋಲೇಟರ್. ಎಂಟು ದಿನದಲ್ಲಿ ಸ್ಕೂಟರ್ ಕೈಗೆ ಬಂದದ್ದು ಮೂರು ದಿನ, ರೋಲೇಟರ್ ಎಂಟೂ ದಿನ. ಸ್ಕೂಟರ್ ಮುಂದಿನ ಸಲವೂ ಬಾಡಿಗೆಗೇ. ರೋಲೇಟರ್‌ನಲ್ಲಿ ನನಗೆ ಹಿಡಿಸದ್ದು ಎರಡು. ಕೋಲು ಸಿಕ್ಕಿಸಲು ಜಾಗ ಇಲ್ಲ, ಕ್ಲಿಪ್ ಬೇರೆ ಕೊಳ್ಳಬೇಕಾಯಿತು. ಮುಂದಿನ ಚೀಲ ಅರ್ಧ ಮಡಚಿದಾಗ ಸೊಟ್ಟಗಾಗುತ್ತದೆ, ಅದರಲ್ಲಿ ನೀರಿನ ಬಾಟಲಿ ಇದ್ದರೆ ಪೂರ್ತಿ ಮಡಚುವುದಕ್ಕೇ ಬಿಡುವುದಿಲ್ಲ. ಬಾಟಲಿಯನ್ನು ಈಗ ಹಿಡಿಗೆ ತೂಗುಹಾಕುತ್ತೇನೆ.